ಹೊಲಿಗೆ ಸರಿಯಿದೆ

ಟೈಲರಕ್ಕನ ಮುಂದಿನ ಹಲ್ಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಅಗಲದ ಒಂದು ಕಚ್ಚು ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಬಿದ್ದು ಮುರಿದುಕೊಂಡದ್ದೂ ಅಲ್ಲ. ಇಪ್ಪತ್ತೆರಡು ವರ್ಷ ಹಗಲೆಲ್ಲ ದಾರ ಕಚ್ಚಿ ಕಚ್ಚಿ ಸವೆದದ್ದು. ಅವಳ ಅತ್ತೆಯ ಹಲ್ಲಿನಲ್ಲೂ ಅಂಥದೇ ಒಂದಿತ್ತು, ಇನ್ನಷ್ಟು ಆಳವಾಗಿ. ಅತ್ತೆ ನಕ್ಕರೆ ಮೊದಲು ಕಾಣುತ್ತಿದ್ದದ್ದೇ ಅದು. ಅತ್ತೆ ನಗುವುದೇ ಅಪರೂಪ, ಆ ಮಾತು ಬೇರೆ.

ಆ ಮನೆಯಲ್ಲಿ ಕತ್ತರಿ ಇದ್ದದ್ದು ಬಟ್ಟೆ ಕತ್ತರಿಸುವುದಕ್ಕೆ ಮಾತ್ರ. ದಾರದ ತುದಿಗೆಲ್ಲ ಕತ್ತರಿ ಹುಡುಕುವವರು ಇನ್ನೂ ಕಲಿಯುವವರು ಅಂತ ಲೆಕ್ಕ. ಟೈಲರಕ್ಕ ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ತೋಳು ಹೊಲಿದು ಮುಗಿಸಿ, ಬಟ್ಟೆಯ ರಾಶಿಯಲ್ಲಿ ತಾನು ತವರಿನಿಂದ ತಂದ ಸಣ್ಣ ಕತ್ತರಿಗಾಗಿ ತಡಕಾಡಿದ್ದಳು. ಅತ್ತೆ ತಮ್ಮ ಮಷೀನು ನಿಲ್ಲಿಸಿ, ಅವಳು ತಡಕಾಡುವಷ್ಟು ಹೊತ್ತೂ ಕೈಕಟ್ಟಿಕೊಂಡು ನೋಡಿದರು. ಆಮೇಲೆ, ಬಾಯಲ್ಲಿ ಮೂವತ್ತೆರಡು ಇಟ್ಟುಕೊಂಡು ಕಬ್ಬಿಣ ಹುಡುಕ್ತೀಯಲ್ಲೇ ಅಂದರು. ಅಷ್ಟೇ. ಅವತ್ತಿನಿಂದ ಇವಳದೂ ಹಲ್ಲೇ. ಬಟ್ಟೆ ಸರಕ್ಕನೆ ಎಳೆ, ತಲೆ ಬಗ್ಗಿಸು, ಕಚ್ಚು, ಮುಂದಿನದು ತಗೋ. ಇಬ್ಬರೂ ಎದುರುಬದುರು ಕೂತು ಹೊಲಿಯುವಾಗ ಎರಡು ತಲೆ ಒಂದೇ ಸಮ ಬಗ್ಗಿ ಏಳುವುದನ್ನು ನೋಡಿ ಗಿರಾಕಿಗಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು.

ನಗಲಿ ಬಿಡಿ. ಆ ಅತ್ತೆ ಸೊಸೆಯ ಕೈಗೆ ಹೆಸರಿತ್ತು, ಆ ಹೆಸರು ಪುಕ್ಕಟೆ ಬಂದದ್ದಲ್ಲ. ಬಟ್ಟೆ ಹರಿದರೂ ಅವರ ಹೊಲಿಗೆ ಬಿಡೋಲ್ಲ ಅಂತ ಬೀದಿಗೆ ಬೀದಿಯೇ ಹೇಳುತ್ತಿತ್ತು. ರಸ್ತೆಗೆ ತೆರೆದ ಒಂದು ಕೋಣೆ, ಸೊಂಟದೆತ್ತರದ ಅರೆಬಾಗಿಲು, ಒಳಗೆ ಅತ್ತೆಯ ಕಾಲಲ್ಲಿ ತುಳಿಯುವ ಹಳೇ ಮಷೀನು, ಸೊಸೆಯ ಮೋಟಾರಿನ ಮಷೀನು, ಗೋಡೆಗೆ ಒಂದು ಕನ್ನಡಿ. ಅಂಗಡಿ ಅಂದರೆ ಇಷ್ಟೇ. ಹಿಂದೆ ಅಡುಗೆಮನೆ, ಅದರಾಚೆ ಮಲಗುವ ಕೋಣೆ. ಬೋರ್ಡು ಕೂಡ ಇರಲಿಲ್ಲ. ನಮ್ಮನ್ನ ಹುಡುಕ್ಕೊಂಡು ಬರೋರಿಗೆ ಬೋರ್ಡು ಯಾತಕ್ಕೆ ಅನ್ನೋದು ಅತ್ತೆಯ ಗತ್ತು.

ಹೀಗಿರುವಾಗ ಕಾಯಿಲೆ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಟೈಲರಕ್ಕನ ಗಂಡ ಬಸ್ ಡ್ರೈವರು. ಆಸ್ಪತ್ರೆಯ ನರ್ಸುಗಳನ್ನು ಕರೆತಂದು ಬಿಡುವ ಕೆಲಸಕ್ಕೆ ಹಾಕಿದ್ದರಿಂದ ಡಿಪೋದಲ್ಲೇ ಉಳಿದುಕೊಂಡ, ಮನೆಗೆ ಬರೀ ಫೋನು. ಇತ್ತ ಟೈಲರಕ್ಕ ಬೀದಿಯನ್ನು ಕೈಗೆ ತೆಗೆದುಕೊಂಡಳು. ಯಾರೂ ಕೊಟ್ಟದ್ದಲ್ಲ, ಅವಳೇ ತೆಗೆದುಕೊಂಡದ್ದು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅರೆಬಾಗಿಲಿನ ಆಚೆ ಆರಡಿಗೆ ಒಂದು ಗೆರೆ ಎಳೆದಳು. ಗೆರೆ ದಾಟಿದವರ ಚಳಿ ಬಿಡಿಸಿದಳು. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಮಾತಾಡುವವರನ್ನು ಕಂಡರಂತೂ ಮೈಯೆಲ್ಲ ಉರಿ. ಎದುರುಮನೆಯ ವಕೀಲರು ಮೂಗು ಹೊರಗೆ ಬಿಟ್ಟುಕೊಂಡೇ ಓಡಾಡುತ್ತಿದ್ದರು. ಒಂದು ದಿನ ಇವಳು ಬೀದಿಗೆಲ್ಲ ಕೇಳುವ ಹಾಗೆ, ವಕೀಲರೇ, ಮೂಗು ಏನು ಜಾಮೀನಿನ ಮೇಲೆ ಹೊರಗೆ ಬಂದಿದೆಯಾ ಅಂತ ಕೇಳಿಬಿಟ್ಟಳು. ಅವರು ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೇ ದಿನ ಮತ್ತೆ ಮೂಗು ಹೊರಗೆ ಬಿಟ್ಟರು.

ಆ ಬೀದಿ ಗುಡಿಸುವ ಹೆಂಗಸು ಮಾತ್ರ ಯಾವತ್ತೂ ತಪ್ಪಿಸಿದವಳಲ್ಲ. ಎಲ್ಲರೂ ಒಳಗೆ ಸೇರಿಕೊಂಡಾಗಲೂ ಬೆಳಿಗ್ಗೆ ಆರಕ್ಕೆ ಅವಳ ಪೊರಕೆಯ ಸದ್ದು ಕೇಳುತ್ತಿತ್ತು. ಎರಡು ಸಲ ಗಿಡ್ಡ, ಒಂದು ಸಲ ಉದ್ದ. ಕಿಟಕಿ ತೆರೆಯದೆಯೇ ಅವಳೇ ಬಂದಳು ಅಂತ ಹೇಳಬಹುದಿತ್ತು. ಅವಳು ಬಾಯಿಗೆ ಒಂದು ಹಳೇ ಟವೆಲು ಸುತ್ತಿಕೊಳ್ಳುತ್ತಿದ್ದಳು, ಅದು ನಾಲ್ಕು ಹೆಜ್ಜೆಗೊಮ್ಮೆ ಜಾರುತ್ತಿತ್ತು. ಯಾಕಮ್ಮ ಮಾಸ್ಕ್ ಕೊಟ್ಟಿಲ್ವಾ ಅಂತ ಟೈಲರಕ್ಕ ಕೇಳಿದರೆ, ಆಫೀಸಿಗೇ ಬಂದಿಲ್ವಂತೆ ಅಂದಳು. ಟೈಲರಕ್ಕನಿಗೆ ನಖಶಿಖಾಂತ ಸಿಟ್ಟು ಬಂತು. ಮನೆಯೊಳಗೆ ಕೂತವರಿಗೆ ಬಣ್ಣಬಣ್ಣದ ಮಾಸ್ಕು, ಬೀದಿಯ ಹೊಲಸು ಬಳಿಯುವವರಿಗೆ ಟವೆಲಾ?

ಗುಡಿಸುವವರ ಮೇಸ್ತ್ರಿಯನ್ನು ಅವಳು ಮೂರು ದಿನ ಫೋನಿನಲ್ಲಿ ಬೆನ್ನು ಬಿಡದೆ ಕಾಡಿದಳು. ಕೊನೆಗೆ ಅವನು ಆಫೀಸಿನಿಂದ ಸುತ್ತಿಟ್ಟ ಒಂದು ಇಡೀ ತಾನು ನೀಲಿ ಬಟ್ಟೆ ಕೊಡಿಸಿ, ಇನ್ನೂರ ಅರವತ್ತು ಮಾಸ್ಕ್ ಹೊಲಿದುಕೊಡಿ ಅಂದ. ನೂರ ಮೂವತ್ತು ಜನ, ತಲೆಗೆ ಎರಡು. ಇದು ಚೆನ್ನಾಗಿ ಬಂದರೆ ಪಕ್ಕದ ಶಾಲೆಯವರು ಸಾವಿರ ಹೊಲಿಸುತ್ತಾರೆ ಅಂತ ಆಸೆಯನ್ನೂ ಹುಟ್ಟಿಸಿದ. ಅಂಗಡಿಗೆ ಕೆಲಸವಿಲ್ಲದೆ ಎರಡು ತಿಂಗಳಾಗಿತ್ತು.

ಅತ್ತೆ ಮನೆಯ ಹಿಂದಿನ ಜಗಲಿಯಲ್ಲಿ ಕೂತು ಕತ್ತರಿಸಿ ಇಸ್ತ್ರಿ ಮಾಡಿದರು, ಸೊಸೆ ಮುಂದಿನ ಕೋಣೆಯಲ್ಲಿ ಹೊಲಿದಳು. ಮೂರು ಪದರ, ಮೂಗಿನ ಹತ್ತಿರ ಎರಡು ನೆರಿಗೆ. ಎಲಾಸ್ಟಿಕ್ ಎಲ್ಲೂ ಸಿಗದ್ದರಿಂದ ಮೂಲೆಗೊಂದರಂತೆ ನಾಲ್ಕು ಲಾಡಿ. ಎಂಟು ದಿನ ಅವಳಿಗೆ ಊಟ ನಿದ್ದೆಯ ಮೇಲೆ ಗಮನವಿರಲಿಲ್ಲ. ಶುಕ್ರವಾರ ಸಂಜೆ ಮೇಸ್ತ್ರಿ ಬಂದು ಗೆರೆಯಾಚೆ ನಿಂತು, ಒಂದು ಮಾಸ್ಕನ್ನು ಎರಡೂ ಕಡೆ ಹಿಡಿದು ಎಳೆದು ನೋಡಿ, ಅಂಗಡಿಯದಕ್ಕಿಂತ ಗಟ್ಟಿ ಕಣ್ರೀ ಅಂದ. ಅತ್ತೆ ಒಳಗಿನಿಂದಲೇ, ಯಾವ ಅಂಗಡಿ ಅಂತ ಕೇಳು, ನಮ್ಮದೂ ಅಂಗಡೀನೇ ಅಂದರು. ಮೇಸ್ತ್ರಿ ಮಾಸ್ಕಿನ ಗಂಟು ಹೊತ್ತುಕೊಂಡು ಹೋಗುವಾಗ ಟೈಲರಕ್ಕನ ಎದೆ ಇಷ್ಟಗಲ ಆಗಿತ್ತು.

ಶನಿವಾರ ಬೆಳಿಗ್ಗೆ ದಿನದಂತೆ ಮಷೀನಿಗೆ ಎಣ್ಣೆ ಬಿಟ್ಟಳು. ಎಣ್ಣೆಯ ವಾಸನೆ ಬರಲಿಲ್ಲ. ಡಬ್ಬಿ ಹಳೆಯದಿರಬೇಕು ಅಂದುಕೊಂಡು ಮೂಗಿಗೆ ಹಿಡಿದಳು. ಊಹೂಂ. ಬಚ್ಚಲಿಗೆ ಹೋಗಿ ಬಟ್ಟೆ ಸೋಪು ಮೂಸಿದಳು, ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿ ಮೂಸಿದಳು. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ. ಅಲ್ಲಿಂದಲೇ, ಅತ್ತೆ ನೀವು ಈ ಕಡೆ ಬರಬೇಡಿ ಅಂತ ಕೂಗಿ ಹೇಳಿದಳು.

ಇಬ್ಬರೂ ಬೇರೆಬೇರೆಯಾಗಿ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಭಾನುವಾರ ಹನ್ನೊಂದಕ್ಕೆ ಫಲಿತಾಂಶ ಬಂತು. ಅತ್ತೆಗೆ ಇಲ್ಲ, ಸೊಸೆಗೆ ಇದೆ. ಹದಿನಾಲ್ಕು ದಿನ ಅವಳು ಮಲಗುವ ಕೋಣೆ ಬಿಟ್ಟು ಹೊರಗೆ ಬರಬಾರದು, ಅತ್ತೆ ಮನೆ ಬಿಟ್ಟು ಹೊರಗೆ ಹೋಗಬಾರದು. ಯಾರ ಯಾರ ಹತ್ತಿರ ಹೋಗಿದ್ದಿರಿ ಅಂತ ಆರೋಗ್ಯ ಇಲಾಖೆಯ ಹುಡುಗಿ ಫೋನಿನಲ್ಲಿ ಕೇಳಿದಾಗ ಟೈಲರಕ್ಕ, ಯಾರ ಹತ್ತಿರವೂ ಇಲ್ಲ, ನಮ್ಮಲ್ಲಿ ಗೆರೆ ಇದೆ ಅಂತ ಖಡಾಖಂಡಿತವಾಗಿ ಹೇಳಿದಳು. ಅದು ಸುಳ್ಳೂ ಅಲ್ಲ. ಮೇಸ್ತ್ರಿ ಕೂಡ ಗೆರೆಯಾಚೆಯೇ ನಿಂತಿದ್ದ.

ಫೋನಿಟ್ಟು ಮಂಚದ ಮೇಲೆ ಕೂತಳು. ನಾಲಿಗೆ ಏನೋ ಯೋಚನೆಯಲ್ಲಿ ಹಲ್ಲಿನ ಕಚ್ಚಿನ ಹತ್ತಿರ ಹೋಯಿತು. ಅಲ್ಲಿ ಏನೋ ಸಿಕ್ಕಿಕೊಂಡಿತ್ತು. ಉಗುರಿನಿಂದ ಎಳೆದು ಅಂಗೈಯಲ್ಲಿಟ್ಟು ನೋಡಿದಳು. ಕಾಲು ಇಂಚಿನ ನೀಲಿ ದಾರ.

ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಒಂದು ಮಾಸ್ಕಿಗೆ ನಾಲ್ಕು ಲಾಡಿ. ಒಂದೊಂದು ಲಾಡಿಗೂ ಒಂದು ಸಲ ಕಚ್ಚು. ಇನ್ನೂರ ಅರವತ್ತಕ್ಕೆ ಸಾವಿರದ ನಲವತ್ತು ಸಲ ಅವಳು ಬಾಯಿ ಹಾಕಿದ್ದಳು. ಕೋಣೆಯಲ್ಲಿ ಒಬ್ಬಳೇ ಅಂತ ತನ್ನ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದಳು. ಇಳಿಸದೆ ಕಚ್ಚುವುದು ಹೇಗೆ? ಇಸ್ತ್ರಿ ಮಾಡಿದ್ದು ಮೊದಲು, ಲಾಡಿ ಹಚ್ಚಿದ್ದು ಆಮೇಲೆ. ಬೀದಿಯಲ್ಲಿ ಯಾರಾದರೂ ಇನ್ನೊಬ್ಬರ ಹತ್ತಿರ ಸೀನಿದರೆ ಬೈಯುತ್ತಿದ್ದವಳು, ನೂರ ಮೂವತ್ತು ಜನರ ಮೂಗಿಗೆ ಬಾಯಿಗೆ ಕಟ್ಟುವ ಬಟ್ಟೆಯನ್ನು ಕಚ್ಚಿ ಕಳಿಸಿದ್ದಳು. ಬಟ್ಟೆಯ ಮೇಲೆ ಆ ಹಾಳು ರೋಗ ಎಷ್ಟು ಹೊತ್ತು ಇರುತ್ತದೆ ಅನ್ನುವುದು ಆ ದಿನಗಳಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬರು ಒಂದು ಗಂಟೆ ಅಂದರೆ ಇನ್ನೊಬ್ಬರು ಒಂದು ವಾರ ಅನ್ನುತ್ತಿದ್ದರು.

ಮೊದಲು ಗಂಡನಿಗೆ ಫೋನು ಮಾಡಿದಳು. ಅವನು ಕೆಟ್ಟವನಲ್ಲ. ಹೆಂಡತಿಗೆ ಕಾಯಿಲೆ ಅಂತ ಕೇಳಿ ಅವನ ಜೀವ ಅರ್ಧ ಆಗಿತ್ತು, ಅದರ ಮೇಲೆ ಇದು. ಆಮೇಲೆ ಒಂದೊಂದಾಗಿ ಶುರು ಮಾಡಿದ. ನಿನಗೆ ಕಾಯಿಲೆ ಬಂದದ್ದು ಯಾವತ್ತು ಅಂತ ಯಾರಿಗೆ ಗೊತ್ತು. ಮಾಸ್ಕನ್ನು ಅವರೇ ಒಗೆದು ಹಾಕಿಕೊಳ್ಳಬಹುದು. ನೀನು ದಾರ ಕಚ್ಚಿದ್ದನ್ನು ಅಮ್ಮ ಬಿಟ್ಟು ಯಾರೂ ನೋಡಿಲ್ಲ. ಈಗ ನೀನಾಗಿ ಹೋಗಿ ಹೇಳಿದರೆ ಶಾಲೆಯ ಕೆಲಸ ಕೈತಪ್ಪುತ್ತದೆ, ಅದು ಹೋಗಲಿ, ರೋಗದ ಟೈಲರು ಅಂತ ಹೆಸರಾದರೆ ನಾಳೆ ಯಾರು ಬಟ್ಟೆ ಕೊಡುತ್ತಾರೆ.

"ನೀನು ಬೀದಿಗೆಲ್ಲ ಬುದ್ಧಿ ಹೇಳಿದೋಳು ಕಣೇ," ಅಂದ ಕೊನೆಗೆ. "ಒಬ್ಬೊಬ್ಬರೂ ತಿರುಗಿಸಿ ಕೊಡ್ತಾರೆ."

ಅದೊಂದು ಮಾತು ಸರಿಯಾಗಿ ನಾಟಿತು. ಅವಳಿಗೆ ಭಯ ಇದ್ದದ್ದೇ ಅಲ್ಲಿ. ಶಾಲೆಯ ಕೆಲಸ ಹೋದರೆ ಹಾಳಾಗಲಿ, ಗಂಜಿ ಕುಡಿದು ಬದುಕಬಹುದು. ಆದರೆ ಎದುರುಮನೆಯ ಮೂಗಿನ ಮುಂದೆ ತಲೆ ತಗ್ಗಿಸುವುದು ಹೇಗೆ? ಹಾಗಂತ ಸುಮ್ಮನಿದ್ದರೆ, ನಾಳೆ ಬೆಳಿಗ್ಗೆ ಆರಕ್ಕೆ ಪೊರಕೆ ಸದ್ದು ಕೇಳುತ್ತದೆ, ಆ ಪೊರಕೆ ಹಿಡಿದವಳ ಮುಖದ ಮೇಲೆ ನೀಲಿ ಮಾಸ್ಕ್ ಇರುತ್ತದೆ. ಅದನ್ನು ಕೇಳಿಸಿಕೊಂಡು ಮಲಗಿರಬೇಕು. ಅವಳು ಗಂಡನಿಗೆ, ಆಮೇಲೆ ಮಾಡ್ತೀನಿ ರೀ ಅಂತ ಹೇಳಿ ಫೋನಿಟ್ಟಳು.

ಬಾಗಿಲಿನ ಆಚೆ ಅತ್ತೆ ಊಟದ ತಟ್ಟೆ ಇಟ್ಟು ಹೋಗದೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಟೈಲರಕ್ಕ ಒಳಗಿನಿಂದಲೇ, ಏನು ಮಾಡಲಿ ಅತ್ತೆ ಅಂದಳು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಊಟ ಆರುತ್ತೆ ಅಂತ ಹೇಳಿ ಚಪ್ಪಲಿ ಎಳೆದುಕೊಂಡು ಹೋದರು. ಯಾವ ವಿಷಯಕ್ಕೂ ಮೊದಲು ಬಾಯಿ ಹಾಕುವವರು ಇವತ್ತು ತುಟಿ ಬಿಚ್ಚದ್ದು ಕಂಡು ಅವಳಿಗೆ ಅಳುವೇ ಬಂತು. ಐವತ್ತು ವರ್ಷ ಕಟ್ಟಿದ ಹೆಸರು ಅವರದು. ಅದನ್ನು ಬೀದಿಗೆ ಹಾಕುವ ಹಕ್ಕು ತನಗಿದೆಯೇ ಅಂತ ತಟ್ಟೆಯನ್ನು ನೋಡುತ್ತಾ ಕೂತಳು. ಊಟಕ್ಕೂ ರುಚಿಯಿರಲಿಲ್ಲ, ವಾಸನೆಯಿರಲಿಲ್ಲ.

ಅರ್ಧ ತಿಂದು ಕೈತೊಳೆದು ಮೇಸ್ತ್ರಿಗೆ ಫೋನು ಮಾಡಿದಳು. ಮಾಸ್ಕಿನ ಗಂಟು ಇನ್ನೂ ಬಿಚ್ಚಿರಲಾರ, ಸೋಮವಾರ ಹಂಚುವವನಿರಬೇಕು, ಅವನೊಬ್ಬನಿಗೆ ಹೇಳಿ ವಾಪಸ್ ತರಿಸಿಕೊಂಡು ಕುದಿಸಿಬಿಟ್ಟರೆ ಮುಗಿಯಿತು ಅಂತ ಮನಸ್ಸಿನಲ್ಲಿ ಒಂದು ಸಣ್ಣ ಆಸೆ. ಮೇಸ್ತ್ರಿ ಎಂದೂ ಇಲ್ಲದ ಚುರುಕು ತೋರಿಸಿದ್ದ. ಶನಿವಾರವೇ ಎಲ್ಲ ಹಂಚಿ ಮುಗಿಸಿದ್ದ. ಗುಂಪು ಸೇರಬಾರದು ಅಂತ ಹಾಜರಿ ಹಾಕುವುದು ನಿಂತು ಎಷ್ಟೋ ದಿನವಾಗಿತ್ತು. ಒಬ್ಬೊಬ್ಬರು ನೇರ ಅವರವರ ಬೀದಿಗೆ ಹೋಗುತ್ತಿದ್ದರು. ಫೋನು ಇದ್ದವರು ಅರ್ಧ ಜನ. ತಲೆಗೆ ಎರಡು ಕೊಟ್ಟಿದ್ದರಿಂದ ಒಂದನ್ನು ಮನೆಯವರಿಗೋ ಅಕ್ಕಪಕ್ಕದವರಿಗೋ ಕೊಟ್ಟವರೂ ಇದ್ದರು. ಊರಿನ ಮೂಲೆಮೂಲೆಗೆ ಅವಳ ನೀಲಿ ದಾರ ಹೋಗಿ ಕೂತಿತ್ತು.

ಎಲ್ಲ ಕೇಳಿ ಮೇಸ್ತ್ರಿ ತಲೆ ಓಡಿಸಿದ. ಒಳ್ಳೆಯ ಮನುಷ್ಯ, ಇವಳ ಮರ್ಯಾದೆ ಉಳಿಸಬೇಕು ಅಂತಲೇ ಇದ್ದ. ಕಸದ ಗಾಡಿಗಳಿಗೆ ಮೈಕ್ ಇದೆ, ಕೈ ತೊಳೀರಿ ದೂರ ನಿಲ್ಲಿ ಅಂತ ದಿನಾ ಕೂಗುತ್ತವಲ್ಲ, ಅದರಲ್ಲೇ ಹೇಳಿಸಿಬಿಡೋಣ ಅಂದ. ಮಾಸ್ಕುಗಳಲ್ಲಿ ಹೊಲಿಗೆ ಸರಿಯಿಲ್ಲ, ಯಾರೂ ಹಾಕಿಕೊಳ್ಳದೆ ವಾಪಸ್ ಕೊಡಿ. ಅಷ್ಟು ಸಾಕು, ನಿಮ್ಮ ಹೆಸರೂ ಬೇಡ, ಕಾಯಿಲೆಯ ಸುದ್ದಿಯೂ ಬೇಡ.

ಟೈಲರಕ್ಕ ಮಂಚದಿಂದ ಎದ್ದು ನಿಂತಳು. ಜ್ವರದಲ್ಲಿ ಮೈ ನಡುಗುತ್ತಿತ್ತು, ಆದರೂ ನಿಂತಳು.

"ಹೊಲಿಗೆ ಸರಿಯಿಲ್ಲ ಅಂತ ಮಾತ್ರ ಹೇಳ್ಬೇಡಿ," ಅಂದಳು. "ಹೊಲಿಗೆ ಸರಿಯಿದೆ. ತಪ್ಪಿರೋದು ನನ್ನ ಹತ್ರ."

ಮೇಸ್ತ್ರಿ ತಬ್ಬಿಬ್ಬಾದ. ಹಾಗಲ್ಲ ಅಕ್ಕ, ಸುಮ್ಮನೆ ಒಂದು ನೆಪಕ್ಕೆ ಅಂದ. ನೆಪಕ್ಕೂ ಬೇಡ ಅಂದಳು. ಹೊಲಿಗೆ ತಪ್ಪು ಅಂದರೆ ಒಬ್ಬರೂ ಕುದಿಸುವುದಿಲ್ಲ. ಎಳೆದು ನೋಡುತ್ತಾರೆ, ಗಟ್ಟಿಯಾಗಿದೆಯಲ್ಲ ಅಂತ ಕಟ್ಟಿಕೊಳ್ಳುತ್ತಾರೆ. ಯಾಕೆಂದರೆ ಗಟ್ಟಿಯಾಗೇ ಇದೆ. ಇದ್ದದ್ದು ಇದ್ದ ಹಾಗೆ ಹೇಳಿದರೇನೇ ಭಯ ಬೀಳುತ್ತಾರೆ. ನಿಮ್ಮ ಡ್ರೈವರಿಗೆ ಹೇಳಲು ನಾಚಿಕೆಯಾದರೆ ನಾನೇ ಮಾತಾಡಿ ಕಳಿಸುತ್ತೇನೆ ಅಂದಳು. ಈ ಮಾತು ಬಾಯಿಂದ ಬಂದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೆ ಆಡಿಯಾಗಿತ್ತು.

ಫೋನಿನಲ್ಲಿ ತನ್ನ ದನಿಯನ್ನು ಐದು ಸಲ ರೆಕಾರ್ಡು ಮಾಡಿದಳು. ಮೊದಲ ನಾಲ್ಕರಲ್ಲಿ ಕೆಮ್ಮು ಬಂತು, ಅಳು ಬಂತು, ಒಂದರಲ್ಲಿ ತಪ್ಪಿ ತನ್ನನ್ನು ತಾನೇ ಬೈದುಕೊಂಡಳು. ಐದನೆಯದನ್ನು ಕಳಿಸಿ, ಫೋನನ್ನು ದಿಂಬಿನ ಕೆಳಗೆ ಹಾಕಿ ಗೋಡೆಯ ಕಡೆ ತಿರುಗಿ ಮಲಗಿದಳು.

ನಾಲ್ಕು ಗಂಟೆಯ ಬಿಸಿಲಲ್ಲಿ ಗಾಡಿ ಬಂತು. ಮೊದಲು ಹಿಂದಿನ ಬೀದಿಯಲ್ಲಿ ಗೊಣಗೊಣ ಅಂತ ಕೇಳಿತು, ಆಮೇಲೆ ತಿರುವಿನಲ್ಲಿ, ಆಮೇಲೆ ಮನೆಯ ಮುಂದೆಯೇ. ಬೀದಿಯ ಕಿಟಕಿಗಳು ಪಟಪಟ ತೆರೆದುಕೊಂಡವು. ತನ್ನ ದನಿ ಇಷ್ಟು ಒರಟು ಅಂತ ಅವಳಿಗೆ ಅವತ್ತೇ ಗೊತ್ತಾದದ್ದು.

"ನಾನು ಟೈಲರಂಗಡಿಯವಳು ಮಾತಾಡ್ತಿದೀನಿ. ಶನಿವಾರ ಹಂಚಿದ ನೀಲಿ ಮಾಸ್ಕ್ ಹೊಲಿದೋಳು ನಾನೇ. ನನಗೆ ಈಗ ಕಾಯಿಲೆ ಬಂದಿದೆ. ಹೊಲಿಯುವಾಗ ದಾರವನ್ನ ಹಲ್ಲಲ್ಲಿ ಕಚ್ಚಿ ತುಂಡು ಮಾಡೋದು ನನ್ನ ಅಭ್ಯಾಸ. ಒಂದೊಂದು ಮಾಸ್ಕನ್ನೂ ನಾಲ್ಕು ಸಲ ಕಚ್ಚಿದೀನಿ. ಇನ್ನೂ ಹಾಕ್ಕೊಳ್ಳದೆ ಇರೋರು ಹಾಕ್ಕೋಬೇಡಿ. ಸೋಪಿನ ನೀರಲ್ಲಿ ಚೆನ್ನಾಗಿ ಕುದಿಸಿ ಬಿಸಿಲಿಗೆ ಹಾಕಿ. ಹಾಕ್ಕೊಂಡಿರೋರು ಮೇಸ್ತ್ರಿಗೆ ಹೇಳಿ ಪರೀಕ್ಷೆ ಮಾಡಿಸ್ಕೊಳ್ಳಿ. ಬೇರೆಯವರಿಗೆ ಬುದ್ಧಿ ಹೇಳ್ತಾ ನಾನೇ ಎಡವಿದೆ. ಹೊಲಿಗೆ ಸರಿಯಿದೆ. ತಪ್ಪು ನನ್ನದು."

ಗಾಡಿ ಮುಂದೆ ಹೋಯಿತು. ಆಮೇಲೆ ಗುಸುಗುಸು ಶುರುವಾಯಿತು. ಯಾರೋ ಒಬ್ಬರು, ನಮಗೆಲ್ಲ ಗೆರೆ ಎಳೆದಳು, ಅವಳ ಬಾಯಿಗೆ ಯಾರೂ ಗೆರೆ ಎಳೆಯಲಿಲ್ಲ ಅಂದದ್ದು ಅವಳ ಕಿವಿಗೆ ಸ್ಪಷ್ಟವಾಗಿ ಬಿತ್ತು. ಇನ್ಯಾರೋ ನಕ್ಕರು. ಗಂಡ ಹೇಳಿದ್ದು ಇದನ್ನೇ. ಟೈಲರಕ್ಕ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು.

ಆಗ ಮುಂದಿನ ಕೋಣೆಯ ಕಿಟಕಿಯ ಚಿಲಕ ತೆಗೆದ ಸದ್ದಾಯಿತು. ಆ ಚಿಲಕ ಜಿಗುಟು, ಎರಡು ಸಲ ಗುದ್ದಬೇಕು. ಯಾರೋ ಎರಡು ಸಲ ಗುದ್ದಿದರು.

"ನಗೋರು ಇಲ್ಲಿ ಕೇಳಿ," ಅಂತ ಅತ್ತೆಯ ದನಿ. ಮೂಗು ಬಾಯಿ ಕಟ್ಟಿಕೊಂಡಿದ್ದರೂ ಮೈಕಿಗಿಂತ ಜೋರಾಗಿತ್ತು. "ಹಲ್ಲಲ್ಲಿ ದಾರ ಕಚ್ಚೋದು ಅವಳ ಅಭ್ಯಾಸ ಅಲ್ಲ, ಈ ಮನೆ ಅಭ್ಯಾಸ. ಕತ್ತರಿ ತಗೊಂಡಿದ್ದೋಳ ಕೈಯಿಂದ ಬಿಡಿಸಿದ್ದು ನಾನು. ಅವಳು ನನ್ನ ಹೆಸರು ಬಿಟ್ಟು ಹೇಳಿದಾಳೆ, ಬೈಯೋರು ನನ್ನನ್ನೂ ಸೇರಿಸಿ ಬೈರಿ. ಆದರೆ ಹೇಳಿದ್ದು ಮಾತ್ರ ಅವಳೊಬ್ಬಳೇ. ಅದನ್ನ ನಾನು ಕಲಿಸಿದ್ದಲ್ಲ."

ಕಿಟಕಿ ಮುಚ್ಚಿತು. ಚಪ್ಪಲಿ ಎಳೆಯುವ ಸದ್ದು ಮಲಗುವ ಕೋಣೆಯ ಬಾಗಿಲಿನವರೆಗೆ ಬಂತು. ಟೈಲರಕ್ಕ ಒಳಗೆ ಬಿಕ್ಕುತ್ತಿದ್ದಳು. ಅತ್ತೆ ಆಚೆಯಿಂದ, ಮಧ್ಯಾಹ್ನದ ತಟ್ಟೆ ಅರ್ಧಕ್ಕೇ ಬಿಟ್ಟಿದೀಯ, ರಾತ್ರಿ ಪೂರ್ತಿ ತಿನ್ನಬೇಕು ಅಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಮುದ್ದು ಯಾರೂ ಕಂಡಿರಲಿಲ್ಲ.

ಸಂಜೆ ಗಂಡ ತಾನಾಗಿ ಫೋನು ಮಾಡಿದ. ನರ್ಸುಗಳನ್ನು ಬಿಡಲು ಹೋಗುವಾಗ ಸಿಗ್ನಲ್ಲಿನಲ್ಲಿ ಕಸದ ಗಾಡಿ ಪಕ್ಕಕ್ಕೇ ಬಂದು ನಿಂತಿತಂತೆ. ಇಡೀ ಬಸ್ಸು ಕೇಳಿಸಿಕೊಂಡಿತಂತೆ. ಒಬ್ಬರು ಹಿರಿಯ ನರ್ಸು, ಯಾರ್ರೀ ಈ ಹೆಣ್ಣುಮಗಳು, ನಮ್ಮ ಡಾಕ್ಟರುಗಳೂ ಹೀಗೆ ಒಪ್ಪಿಕೊಳ್ಳೋಲ್ಲ ಅಂದರಂತೆ.

"ನೀವೇನಂದ್ರಿ?" ಅಂದಳು ಇವಳು.

"ನನ್ನ ಹೆಂಡತಿ ಅಂದೆ," ಅಂದ. ಆಮೇಲೆ, "ಸೀಟಿಂದ ಎದ್ದು, ಹಿಂದಕ್ಕೆ ತಿರುಗಿ, ಎಲ್ಲರಿಗೂ ಕೇಳೋ ಹಾಗೆ ಅಂದೆ," ಅಂತ ಸೇರಿಸಿದ.

ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಸೋಮವಾರ ಬೆಳಿಗ್ಗೆ ಐದೂವರೆಯಿಂದ ಟೈಲರಕ್ಕ ಕಿವಿ ನೆಟ್ಟು ಕಾದಳು. ಆರಕ್ಕೆ ಪೊರಕೆಯ ಸದ್ದು ಬಂತು, ಆದರೆ ಬೇರೆ ಥರ. ಒಂದೇ ಸಮ ಬರ್ರ್ ಬರ್ರ್ ಅಂತ. ಯಾರೋ ಗಂಡಸು ಗುಡಿಸುತ್ತಿದ್ದ. ಮೇಸ್ತ್ರಿಗೆ ಫೋನು ಮಾಡಿದರೆ, ಹತ್ತೊಂಬತ್ತು ಜನ ಆಗಲೇ ಮಾಸ್ಕ್ ಹಾಕಿಕೊಂಡಿದ್ದರು, ಎಲ್ಲರನ್ನೂ ಪರೀಕ್ಷೆಗೆ ಕಳಿಸಿದ್ದೇನೆ, ನಿಮ್ಮ ಬೀದಿಯವಳೂ ಅದರಲ್ಲಿ ಒಬ್ಬಳು, ಅವಳಿಗೆ ಸ್ವಲ್ಪ ಕೆಮ್ಮಿದೆ ಅಂದ. ಉಳಿದವರೆಲ್ಲ ಮನೆಯಲ್ಲಿ ಕುದಿಸುತ್ತಿದ್ದಾರೆ. ಗುಡಿಸುವವರ ಓಣಿಯಲ್ಲಿ ಮನೆಮನೆಯ ಹಗ್ಗದ ಮೇಲೂ ನೀಲಿಯೇ ಅಂತಲೂ ಹೇಳಿದ. ಟೈಲರಕ್ಕನಿಗೆ ಕೇಳಿಸಿದ್ದು ಕೆಮ್ಮು ಒಂದೇ.

ಆ ದಿನಗಳು ಅವಳಿಗೆ ಹೇಗೆ ಕಳೆದವೋ ಅವಳಿಗೇ ಗೊತ್ತು. ಜ್ವರ ಮೂರು ದಿನಕ್ಕೆ ಬಿಟ್ಟಿತು, ಮನಸ್ಸಿನ ಸಂಕಟ ಬಿಡಲಿಲ್ಲ. ಶಾಲೆಯವರು ಸಾವಿರ ಮಾಸ್ಕನ್ನು ಬೇರೆ ಕಡೆ ಹೊಲಿಸಿಕೊಳ್ಳುತ್ತೇವೆ ಅಂತ ಹೇಳಿ ಕಳಿಸಿದರು, ಅದು ಹೋದದ್ದು ಹೋಯಿತು, ಮತ್ತೆ ಬರಲೂ ಇಲ್ಲ. ಅರೆಬಾಗಿಲಿನ ಮೇಲೆ ಮಾತ್ರ ದಿನಾ ಬೆಳಿಗ್ಗೆ ಒಂದು ಹಾಲಿನ ಪ್ಯಾಕೆಟ್ಟು, ಒಂದು ಬ್ರೆಡ್ಡು ಇರುತ್ತಿತ್ತು. ಇಟ್ಟವರು ಒಂದು ಸಲ ಚಪ್ಪಾಳೆ ತಟ್ಟಿ ಹೋಗಿಬಿಡುತ್ತಿದ್ದರು. ಅತ್ತೆ ಒಂದು ದಿನ ಕಿಟಕಿಯ ಸಂದಿಯಲ್ಲಿ ಹೊಂಚಿ ನೋಡಿ ಬಂದು, ವಕೀಲರು ಕಣೇ, ಮೂಗು ಒಳಗಿದೆ ಅಂತ ವರದಿ ಒಪ್ಪಿಸಿದರು.

ಐದನೇ ದಿನ ಹತ್ತೊಂಬತ್ತರಲ್ಲಿ ಹದಿನೆಂಟು ಜನರಿಗೆ ಏನೂ ಇಲ್ಲ ಅಂತ ಬಂತು. ಹತ್ತೊಂಬತ್ತನೆಯವಳ ಫಲಿತಾಂಶ ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ಮಾಡಬೇಕಂತೆ. ಯಾರು ಅಂತ ಟೈಲರಕ್ಕ ಕೇಳಲಿಲ್ಲ, ಮೇಸ್ತ್ರಿ ಹೇಳಲೂ ಇಲ್ಲ. ಇಬ್ಬರಿಗೂ ಗೊತ್ತಿತ್ತು.

ಹತ್ತನೇ ದಿನ ಬೆಳಿಗ್ಗೆ ಅವಳು ಮಗ್ಗುಲು ಬದಲಿಸುತ್ತಾ ಮಲಗಿದ್ದಳು. ದೂರದಲ್ಲಿ ಪೊರಕೆಯ ಸದ್ದು. ಎರಡು ಗಿಡ್ಡ, ಒಂದು ಉದ್ದ. ಕಿವಿಯ ಭ್ರಮೆ ಅಂದುಕೊಂಡಳು. ಮತ್ತೆ ಎರಡು ಗಿಡ್ಡ, ಒಂದು ಉದ್ದ. ತಡಬಡಿಸಿ ಎದ್ದು, ಮಾಸ್ಕ್ ಬಿಗಿದುಕೊಂಡು, ತನ್ನ ಕೋಣೆಯಿಂದ ಪಕ್ಕದ ಸಂದಿಗೆ ತೆರೆಯುವ ಸಣ್ಣ ಕಿಟಕಿಯ ಹತ್ತಿರ ಓಡಿದಳು. ಸಂದಿಯ ತುದಿಯಲ್ಲಿ ಬೀದಿಯ ಒಂದು ಗೇಣು ಕಾಣುತ್ತಿತ್ತು. ಆ ಒಂದು ಗೇಣಿಗೆ ಗುಡಿಸುವವಳು ಬಂದು, ಇವಳನ್ನು ಕಂಡು ಅಲ್ಲೇ ದೂರ ನಿಂತಳು.

ಅವಳ ಮುಖದ ಮೇಲೆ ಅದೇ ಮಾಸ್ಕು. ನೀಲಿ ಹೋಗಿ ಬೂದಿ ಬಣ್ಣಕ್ಕೆ ಬಂದಿತ್ತು. ಲಾಡಿ ನಾಲ್ಕೂ ಬಿಗಿಯಾಗಿ ತಲೆಯ ಹಿಂದೆ ಗಂಟು ಬಿದ್ದಿದ್ದವು.

ಏನಾಯ್ತಮ್ಮ ನಿನ್ನದು ಅಂತ ಕೇಳಲು ಟೈಲರಕ್ಕನಿಗೆ ಬಾಯಿ ಬರಲಿಲ್ಲ. ಗುಡಿಸುವವಳೇ ಹೇಳಿದಳು. ಎರಡನೇ ಸಲವೂ ಏನೂ ಇಲ್ಲ ಅಂತ ಬಂತಂತೆ, ಧೂಳಿನ ಕೆಮ್ಮಂತೆ, ಪ್ರತಿ ವರ್ಷದ್ದಂತೆ. ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಲಾಡಿಗಳನ್ನು ಮುಟ್ಟಿ ತೋರಿಸಿದಳು.

"ಮೂರು ಸಲ ಕುದಿಸಿದೆ ಅಕ್ಕ. ಬಣ್ಣ ಹೋಯ್ತು. ಒಂದೇ ಒಂದು ಎಳೆ ಬಿಡಲಿಲ್ಲ."

ಇಷ್ಟು ಹೇಳಿ ಅವಳು ಗುಡಿಸಿಕೊಂಡು ಮುಂದೆ ಹೋದಳು. ಟೈಲರಕ್ಕ ಕಿಟಕಿಯ ಸರಳು ಹಿಡಿದು, ಆ ಸದ್ದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಳು. ಕಣ್ಣೀರು ಇಳಿದು ಮಾಸ್ಕ್ ಒದ್ದೆಯಾಯಿತು. ಆದರೆ ತಲೆ ಮಾತ್ರ ತಗ್ಗಲಿಲ್ಲ. ಯಾಕೆ ತಗ್ಗಬೇಕು?

ಹದಿನಾಲ್ಕು ದಿನ ಮುಗಿದ ಮೇಲೆ ಮೇಸ್ತ್ರಿ ಇನ್ನೊಂದು ತಾನು ಬಟ್ಟೆ ತಂದು ಗೆರೆಯ ಮೇಲಿಟ್ಟ. ಗುಡಿಸುವವರೇ ಕೇಳಿದರಂತೆ, ಅದೇ ಅಕ್ಕನ ಕೈಯಲ್ಲೇ ಹೊಲಿಸಿ ಅಂತ. ಟೈಲರಕ್ಕ ಮುಂದಿನ ಕೋಣೆಗೆ ಬಂದು ಮಷೀನಿನ ಮುಂದೆ ಕೂತು ಎಣ್ಣೆ ಬಿಟ್ಟಳು. ತೆಳ್ಳಗೆ, ದೂರದಿಂದ ಬಂದ ಹಾಗೆ, ಎಣ್ಣೆಯ ವಾಸನೆ ಬಂತು. ಮಷೀನಿನ ಕುತ್ತಿಗೆಗೆ ಏನೋ ನೇತಾಡುತ್ತಿತ್ತು. ಉಳಿದುಹೋದ ಒಂದು ನೀಲಿ ಲಾಡಿ, ಅದರ ತುದಿಗೆ ಕೈಬೆರಳುದ್ದದ ಒಂದು ಸಣ್ಣ ಕತ್ತರಿ. ಇಪ್ಪತ್ತೆರಡು ವರ್ಷದ ಹಿಂದೆ ಅವಳು ತವರಿನಿಂದ ತಂದದ್ದು. ಯಾವ ಡಬ್ಬಿಯ ತಳದಲ್ಲಿ ಅತ್ತೆ ಇದನ್ನು ಇಟ್ಟಿದ್ದರೋ, ಸಾಣೆ ಬೇರೆ ಹಿಡಿದಿದ್ದರು.

ಇಬ್ಬರೂ ಮೂಗು ಬಾಯಿ ಕಟ್ಟಿಕೊಂಡು ಎದುರುಬದುರು ಕೂತರು. ಅತ್ತೆ ಮೊದಲ ಲಾಡಿ ಹಚ್ಚಿ ಮುಗಿಸಿ, ಬಟ್ಟೆ ಸರಕ್ಕನೆ ಎಳೆದು, ತಲೆ ಬಗ್ಗಿಸಿ ದಾರವನ್ನು ಬಾಯಿಗೆ ತಂದರು. ಮಾಸ್ಕ್ ಅಡ್ಡ ಬಂತು. ತಲೆಯೆತ್ತಿ, ಮೊಣಕೈಯಿಂದ ಬಟ್ಟೆಯ ರಾಶಿ ಸರಿಸಿ, ಅಲ್ಲಿ ಇಲ್ಲಿ ತಡಕಾಡತೊಡಗಿದರು. ಟೈಲರಕ್ಕ ತನ್ನ ಮಷೀನು ನಿಲ್ಲಿಸಿ, ಅವರು ತಡಕಾಡುವಷ್ಟು ಹೊತ್ತೂ ಕೈಕಟ್ಟಿಕೊಂಡು ನೋಡಿದಳು.

"ಕೊರಳಲ್ಲಿ ನೋಡ್ಕೊಳ್ಳಿ ಅತ್ತೆ," ಅಂದಳು ಆಮೇಲೆ.

ಅತ್ತೆ ಕೊರಳಿಗೆ ಕಟ್ಟಿಕೊಂಡಿದ್ದ ತಮ್ಮ ಕತ್ತರಿಯನ್ನು ಎತ್ತಿ ನೋಡಿ, ಸೊಸೆಯನ್ನು ದುರುಗುಟ್ಟಿದರು. ಐವತ್ತು ವರ್ಷ ಆದಮೇಲೆ ನನ್ನನ್ನ ಮತ್ತೆ ಕಲಿಯೋಳನ್ನ ಮಾಡಿಬಿಟ್ಟೆಯಲ್ಲೇ ಅಂದರು. ದಾರ ಕತ್ತರಿಸಿದರು. ನಕ್ಕರು ಕೂಡ, ಹಲ್ಲು ಮಾತ್ರ ಕಾಣಲಿಲ್ಲ.